ಸುಣ್ಣದ ಕೆಳಗಿನ ಹೊಳೆ

ದೀಪಾವಳಿ ಮುಗಿದ ಮರುಸೋಮವಾರ ಮಸಗುಪ್ಪಿಯಲ್ಲಿ ಘಟಪ್ರಭೆಯ ನೆರೆ ಗೆರೆ ಗುರುತಿಸುವ ಕೆಲಸ ಆರಂಭವಾಯಿತು. ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿಗೆ ಗೆರೆ. ಅದರ ಒಳಗಿನವರು ಹೊಸದಾಗಿ ಏನೂ ಕಟ್ಟುವಂತಿಲ್ಲ. ದಿನ್ನೆಯ ಮೇಲೆ ಬೇರೆ ಜಾಗ ಸಿಗುತ್ತದೆ. ನಕ್ಷೆ ಮಾಡುವವರು ಹುಕ್ಕೇರಿಯ ಭೂಗೋಳ ತಜ್ಞೆ ಸುಜಾತಾ, ನನ್ನ ಸಹಪಾಠಿ. ಅವರ ಕೆಲಸ ನೋಡಲು ನಾನೂ ಹೊರಟೆ.

ಗೋಕಾಕದ ನಿಲ್ದಾಣದಲ್ಲಿ ಅವಲಕ್ಕಿ, ಚಹಾ ಮುಗಿಸಿ ಬಸ್ಸು ಹತ್ತಿದೆವು. ಕಬ್ಬಿನ ಹೊಲಗಳ ಮೇಲೆ ಮಂಜು ಸಮತಟ್ಟಾಗಿ ನಿಂತು, ಹೊಳೆ ಇನ್ನೂ ಇಳಿದಿಲ್ಲವೇನೋ ಅನ್ನಿಸುತ್ತಿತ್ತು. ಸುಜಾತಾ ಉಪಗ್ರಹದ ಚಿತ್ರವನ್ನು ಮೊಣಕಾಲ ಮೇಲೆ ಹರವಿಕೊಂಡಿದ್ದರು.

"ಕಬ್ಬಿನ ಬುಡಕ ನಿಂತ ನೀರು ಇದರಾಗ ಕಾಣಂಗಿಲ್ಲ. ನಡದಾ ನೋಡಬೇಕು," ಎಂದರು.

ಮಸಗುಪ್ಪಿಯಲ್ಲಿ ಅವರು ಗೋಡೆಗಳ ಮೇಲೆ ನೆರೆ ಬಿಟ್ಟುಹೋದ ಕಂದು ಗುರುತು ಹುಡುಕಿದರು. ಒಂದೂ ಇರಲಿಲ್ಲ. ಹಬ್ಬಕ್ಕೆಂದು ಊರಿಗೆ ಊರೇ ಸುಣ್ಣ ಬಳಿದುಕೊಂಡಿತ್ತು. ಎಳೆ ಬಿಸಿಲಿಗೆ ಗೋಡೆಗಳು ಹಾಲಿನಂತೆ ಹೊಳೆಯುತ್ತಿದ್ದವು. ನೀರು ಬಂದದ್ದು ಯಾರಿಗೋ ಬಿದ್ದ ಕನಸು ಎಂಬಂತಿತ್ತು.

ಬಟ್ಟೆ ಹೊಲಿಯುವ ಶಾಂತವ್ವ ಅಂಗಳದಲ್ಲಿ ಹೊಸ ಕೋಣೆ ಕಟ್ಟಲು ಕಲ್ಲು ಇಳಿಸಿದ್ದರು. "ನಮ್ಮ ಹೊಸ್ತಲಾ ನೀರು ದಾಟಿಲ್ರಿ ಅಕ್ಕಾರ," ಎಂದರು.

ಪಕ್ಕದ ಮನೆಯ ಗಂಗವ್ವ ಕಟ್ಟೆಯಿಂದಲೇ ನಕ್ಕರು. "ಹೌದೇನ? ಮತ್ತ ನೀರು ಬಂದ ರಾತ್ರಿ ನಮ್ಮ ಮಾಳಗಿ ಮ್ಯಾಲ ಗೊರಕಿ ಹೊಡದಾಕಿ ಯಾರವಾ?"

"ನಿನ್ನ ಜೋಡಿ ಹರಟಿ ಹೊಡ್ಯಾಕ ಬಂದಿದ್ದೆ, ತಗೋ!"

ಸುಜಾತಾ ಇಬ್ಬರ ಮಾತನ್ನೂ ಬರೆದುಕೊಳ್ಳಲಿಲ್ಲ. ಶಾಂತವ್ವನ ಮನೆಯೊಳಗೆ ಹೋಗಿ ಕಬ್ಬಿಣದ ತಿಜೋರಿಯ ಮುಂದೆ ನಿಂತರು. "ಸುಣ್ಣಾ ಹಚ್ಚುವಾಗ ಇದನ್ನ ಸರಿಸಿದ್ರೇನ್ರಿ?"

ಗಂಗವ್ವನೂ ಕಟ್ಟೆ ಇಳಿದು ಬಂದರು. ನಾಲ್ವರೂ ಸೇರಿ ನೂಕಿದೆವು. ಹಿಂದೆ ಸುಣ್ಣ ತಾಗದ ಗೋಡೆಯಲ್ಲಿ, ಮೊಣಕಾಲೆತ್ತರಕ್ಕೆ, ಕಂದು ಗುರುತು ನೆಟ್ಟಗೆ ಹಾದಿತ್ತು.

"ಖರೆ ಐತಿ ಬಿಡ್ರಿ," ಎಂದರು ಶಾಂತವ್ವ. "ಆದ್ರ ದಿನ್ನಿ ಮ್ಯಾಲ ಹೋದ್ರ ನನ್ನ ಗಿರಾಕಿ ಅಲ್ಲಿತನಕಾ ಬರ್ತಾವೇನ್ರಿ?"

"ನಾ ಬರ್ತೇನಿ ನಡಿ," ಎಂದರು ಗಂಗವ್ವ. "ನನ್ನ ಮನಿನೂ ಗೆರಿ ಒಳಗ ಬರ್ತೈತಲ್ಲ."

ಮಧ್ಯಾಹ್ನವಿಡೀ ಆ ಎತ್ತರವನ್ನೇ ಮಟ್ಟ ಅಳೆಯುವ ಯಂತ್ರದಲ್ಲಿ ಹಿಡಿದು ಮನೆಯಿಂದ ಮನೆಗೆ ನಡೆದೆವು. ಒಣ ಓಣಿಗಳಲ್ಲಿ, ಇಲ್ಲದ ನೀರಿನ ಅಂಚಿನಲ್ಲಿ. ಸಂಜೆ ಗೋಕಾಕದಲ್ಲಿ ಬಸ್ಸು ಬದಲಿಸಿ ಹುಕ್ಕೇರಿ ಸೇರಿದೆವು. ಸುಜಾತಾ ಅಂದೇ ಗೆರೆ ಎಳೆದರು. ಎರಡೂ ಮನೆಗಳು ಒಳಗೆ ಬಂದವು.

ಶಾಂತವ್ವ, ಗಂಗವ್ವ ಇಬ್ಬರಿಗೂ ಈಗ ದಿನ್ನೆಯ ಮೇಲೆ ಅಕ್ಕಪಕ್ಕದ ಜಾಗ ಸಿಕ್ಕಿದೆ. ಪಾಯ ತೋಡುವ ಮೊದಲು ಮಳೆನೀರು ಯಾವ ಕಡೆ ಹರಿಯುತ್ತದೆಂದು ನೋಡಿ ಹೇಳಬೇಕೆಂದು ಶಾಂತವ್ವ ನಿನ್ನೆ ಸುಜಾತಾಗೆ ಫೋನ್ ಮಾಡಿದ್ದರು. ಭಾನುವಾರ ಸುಜಾತಾ ಮಸಗುಪ್ಪಿಗೆ ಹೋಗಲಿದ್ದಾರೆ.