ಕತ್ತು ಭಾರದ ಗಿಟಾರೂ ಮಡಿವಾಳಪ್ಪನ ಕೋಪವೂ

ಕಾಮಾಕ್ಷಿಪಾಳ್ಯದಲ್ಲಿ ಗಿಟಾರ್ ರಿಪೇರಿ ಮಾಡುವ ಮಡಿವಾಳಪ್ಪನಿಗೆ ಮೈಗಿಂತ ಕತ್ತೇ ಭಾರವಾದ ಗಿಟಾರ್ ಕಂಡರೆ ಮೈಯೆಲ್ಲ ಉರಿಯುತ್ತದೆ. ಯಾರೇ ತರಲಿ, ಅದನ್ನು ಬೆಲ್ಟಿನಿಂದ ಅವರ ಹೆಗಲಿಗೆ ಹಾಕಿಸಿ, "ಎರಡೂ ಕೈ ಬಿಡಿ" ಎನ್ನುತ್ತಾನೆ. ಗಿಟಾರಿನ ತಲೆ ಕೆರೆಗಿಳಿದ ಎಮ್ಮೆಯಂತೆ ಕೆಳಕ್ಕೆ ಬಗ್ಗಿತೋ, ಮಾಡಿದವನಿಗೆ ಸಹಸ್ರನಾಮ ಶುರು: "ಮೇಕೆ ಮೈಗೆ ಕೋಣದ ಕತ್ತು ಅಂಟಿಸವ್ನೆ, ಅವನ ಮನೆ ಹಾಳಾಗ!" ಮೊನ್ನೆ ಅಂಥದೇ ಗಿಟಾರ್ ತಂದ ಕಾಲೇಜು ಹುಡುಗಿ ರಕ್ಷಾ, "ಕತ್ತನ್ನ ಎಡಗೈಲಿ ಎತ್ತಿ ಹಿಡ್ಕೋತೀನಿ ಅಂಕಲ್, ಅಭ್ಯಾಸ ಆಗಿದೆ" ಎಂದಾಗ ಸ್ಕ್ರೂಡ್ರೈವರನ್ನು ಮೇಜಿಗೆ ಕುಕ್ಕಿದ. "ಎಡಗೈ ಇರೋದು ನುಡಿಸಕ್ಕೆ ಕಣಮ್ಮ, ಮೂಟೆ ಹೊರಕ್ಕಲ್ಲ! ಕೂತಾಗ ಎಡತೊಡೆ ಮೇಲಿಟ್ಕೋ, ಆಗಲೂ ಬೆಲ್ಟ್ ಬಿಚ್ಚಬೇಡ." ಬಯ್ಯುತ್ತಲೇ, ಕತ್ತಿನ ಬುಡದಲ್ಲಿದ್ದ, ಬೆಲ್ಟ್ ಸಿಕ್ಕಿಸುವ ಗುಂಡಿಯನ್ನು ಕಿತ್ತು, ಗಿಟಾರಿನ ಮೈಯ ಮೇಲ್ಬದಿಯಲ್ಲಿ ಕತ್ತಿನ ಕಡೆಗೆ ಚಾಚಿದ ಕೊಂಬಿನ ತುದಿಗೆ ಕೂರಿಸಿದ; ಹೆಗಲಿಂದ ಜಾರದ ಹಾಗೆ ಒಳಬದಿ ಒರಟಾದ ಅಗಲ ಚರ್ಮದ ಬೆಲ್ಟ್ ಹಾಕಿದ. ಈಗ ಅವಳು ಕೈ ಬಿಟ್ಟರೂ ಗಿಟಾರ್ ಅಲುಗಲಿಲ್ಲ. "ಒಂದ್ಸಲ ನೀವೇ ನುಡಿಸಿ ಅಂಕಲ್" ಎಂದಳು. "ನೀನೇ ನುಡಿಸು, ಕೇಳ್ತೀನಿ" ಎಂದು ಗದರಿದ. ರಿಪೇರಿಯಾದ ಯಾವ ಗಿಟಾರನ್ನೂ ಅವನು ನುಡಿಸಿ ನೋಡುವುದಿಲ್ಲ, ಗಿರಾಕಿಯಿಂದಲೇ ನುಡಿಸಿಸಿ ಕೇಳುತ್ತಾನೆ. ಆರ್ಕೆಸ್ಟ್ರಾದಲ್ಲಿ ಹದಿನೆಂಟು ವರ್ಷ ಇಂಥದೇ ಕತ್ತನ್ನು ಎತ್ತಿ ಹಿಡಿದ ಅವನ ಎಡಗೈ ಹೆಬ್ಬೆರಳು ಈಗ ಟೀ ಲೋಟ ಹಿಡಿಯುವಷ್ಟೂ ಬಾಗುವುದಿಲ್ಲ.