ಸಾಹುಕಾರರ ಕೈಗೆ ಗಂಧಕದ ಮುಲಾಮು

ಹೋದ ತಿಂಗಳು ಹುಬ್ಬಳ್ಳಿಯ ಅರಳೆ ಸಾಹುಕಾರರೊಬ್ಬರು ನನ್ನನ್ನು ಮನೆಯಿಂದ ಹೊರಗೆ ಹಾಕುವುದೊಂದು ಬಾಕಿ ಇತ್ತು. ನಾನು ಮಾಡಿದ ತಪ್ಪಾದರೂ ಏನು? ಅಂಗಿ ಬಿಚ್ಚಿ ಕಜ್ಜಿಯ ಮುಲಾಮು ಹಚ್ಚಿಕೊಳ್ಳಿ ಎಂದೆ. ಅಷ್ಟೇ.

ನನ್ನ ಬಾಯಿ ನಿಮಗೆ ಹೊಸದಲ್ಲ. ವಾರವಾರ ಈ ಅಂಕಣ ಓದುತ್ತೀರಿ, ಬೈಯುತ್ತೀರಿ, ಮತ್ತೆ ಓದುತ್ತೀರಿ. ಆದರೆ ನರ್ಸ್ ಆದವಳು ಬಾಯಿ ಮುಚ್ಚಿಕೊಂಡು ಕೂತರೆ ರೋಗಿಯ ಗತಿಯೇನು?

ಸಾಹುಕಾರ ಬಸಪ್ಪನವರ ಮಗಳು ನೀಲವ್ವ ಚೊಚ್ಚಲ ಬಾಣಂತನಕ್ಕೆಂದು ಸುಳ್ಳ ಎಂಬ ಊರಿನ ಗಂಡನ ಮನೆಯಿಂದ ತವರಿಗೆ ಬಂದವಳು. ಎಳೆಯ ಗಂಡು ಕೂಸು. ಅದರ ಅಂಗೈ, ಅಂಗಾಲು, ಕಂಕುಳಲ್ಲೆಲ್ಲ ಕಜ್ಜಿ ಎದ್ದಿತು. ಮನೆಯವರು ಡಾಕ್ಟರರನ್ನು ಕೇಳದೆ ಪೇಟೆಯಿಂದ ಗಂಧಕದ ಮುಲಾಮು ತರಿಸಿದರು. ಅದು ದೊಡ್ಡವರಿಗೆ ಹಚ್ಚುವ ಖಡಕ್ ಮುಲಾಮು.

ಇನ್ನು ಕೂಸಿನ ಅಜ್ಜಿ ಗಂಗವ್ವನವರ ಕೈಚಳಕ. ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ, ಬಿಸಿನೀರು ಎರೆದು, ಕೆಂಡದ ಶೆಗಡಿಯ ಮುಂದೆ ಕಾಯಿಸುವುದು ನಮ್ಮ ಕಡೆಯ ಪದ್ಧತಿ ತಾನೆ? ಅವರು ಎಣ್ಣೆಯ ಜಾಗದಲ್ಲಿ ಮುಲಾಮು ಇಟ್ಟುಕೊಂಡರು. ಉಳಿದದ್ದೆಲ್ಲ ಯಥಾಪ್ರಕಾರ. ಕೂಸಿನ ಚರ್ಮ ಕೆಂಪಾಗಿ ಸುಲಿಯಿತು. ಕಜ್ಜಿ ಹೆಚ್ಚಾಯಿತೆಂದು ಇನ್ನಷ್ಟು ತಿಕ್ಕಿದರು.

ನನ್ನನ್ನು ಕರೆಸಿದ್ದು ಆಮೇಲೆ.

“ಕೂಸು ಮೊಲಿ ಹಿಡ್ಯಾಕ ಒಲ್ಲದ್ರಿ, ನರ್ಸಬಾಯಿ. ಬಾಯಿ ಹಚ್ಚತೈತಿ, ಮಾರಿ ತಿರುವತೈತಿ,” ಎಂದು ನೀಲವ್ವ ಅತ್ತಳು. ಕೂಸಿಗೆ ಅಳುವ ತ್ರಾಣವೂ ಇರಲಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಹೆದರಿಕೆಯಾಯಿತು.

“ನಿನ್ನ ಎದಿಗೂ ಮುಲಾಮು ಹಚ್ಚ್ಯಾರೇನವ್ವಾ?”

“ಮೈತುಂಬ ಹಚ್ಚರಿ ಅಂತ ಅಂಗಡ್ಯಾಂವ ಅಂದಿದ್ನಲ್ಲ, ಹಚ್ಚೇನ್ರಿ,” ಎಂದು ಗಂಗವ್ವನವರೇ ಉತ್ತರ ಕೊಟ್ಟರು.

ನೀಲವ್ವನ ಎದೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ತೊಳೆಸಿದೆ. ಕೂಸಿನ ಮೈಯನ್ನೂ ತಿಕ್ಕದೆ ತೊಳೆದು, ಮೆತ್ತನೆಯ ಅರಿವೆಯಲ್ಲಿ ಒತ್ತಿ ಒರೆಸಿದೆ. ಶೆಗಡಿ ಹೊರಗೆ ಹೋಯಿತು. ಮುಲಾಮು ಬಂದ್. ಸ್ವಲ್ಪ ಹೊತ್ತಿಗೆ ಕೂಸು ಮೊಲೆ ಹಿಡಿಯಿತು. ನೀಲವ್ವ ಅದರ ಬಾಯನ್ನೇ ನೋಡುತ್ತ ಕೂತಳು.

ಡಾಕ್ಟರರು ಬಂದು ನೋಡಿದರು. ಸುಲಿದ ಚರ್ಮ ಮಾಯುವವರೆಗೆ ಏನೂ ಬೇಡ, ಆಮೇಲೆ ಕೂಸಿಗೆಂದೇ ಕಲಸಿದ ಮೆತ್ತನೆಯ ಮುಲಾಮು, ಅದೂ ಹೇಳಿದಷ್ಟೇ ದಿನ ಎಂದರು. ಕೂಸಿಗೆ ಹಚ್ಚುವ ದಿನವೇ ಮನೆಯವರೆಲ್ಲ ತಮ್ಮ ತಮ್ಮ ಮುಲಾಮು ಹಚ್ಚಿಕೊಳ್ಳಬೇಕು. ಹಾಸಿಗೆ, ಕೌದಿ, ಉಟ್ಟ ಬಟ್ಟೆ ಎಲ್ಲ ಕುದಿಯಬೇಕು. ಒಬ್ಬರು ಬಿಟ್ಟರೂ ಕಜ್ಜಿಯ ಹುಳ ಮತ್ತೆ ಕೂಸಿನ ಮೈಗೇ ಬರುತ್ತದೆ. ಆ ಸಣ್ಣ ಮೈ ಮತ್ತೊಮ್ಮೆ ತಡೆದೀತೆ?

ಚರ್ಮ ಮಾಯಿತು. ಮುಲಾಮು ಹಚ್ಚುವ ದಿನ ಗೊತ್ತಾಯಿತು. ಎಲ್ಲರೂ ಒಪ್ಪಿದರು. ಯಜಮಾನರೊಬ್ಬರನ್ನು ಬಿಟ್ಟು.

“ನನಗೇನೂ ತುರಿಕಿ ಇಲ್ಲ,” ಎಂದರು ಬಸಪ್ಪನವರು. ಹೇಳುತ್ತಲೇ ಮಣಿಕಟ್ಟನ್ನು ಲೋಡಿನ ಅಂಚಿಗೆ ಉಜ್ಜಿಕೊಂಡರು. (ಉಗುರು ತಾಗದಿದ್ದರೆ ಅದು ತುರಿಕೆಯಲ್ಲ ಎಂದು ಗಂಡಸರ ಲೆಕ್ಕ.)

“ತುರಿಕಿ ಇಲ್ಲೋ, ವಾಸನಿಗೆ ಅಂಜತೀರೋ, ಸಾವ್ಕಾರ್ರ?” ಎಂದೆ.

ಮುಖ ಕೆಂಪಾಯಿತು. ಬಾಗಿಲ ಕಡೆ ನೋಡಿದರು. ಎಲ್ಲಿ ಹೋಗು ಎನ್ನುತ್ತಾರೋ ಅಂದುಕೊಂಡೆ. ಆದರೆ ದನಿ ಇಳಿಸಿದರು.

“ಗಂಧಕ ನಾತ ಬಂತಂದ್ರ ಕಜ್ಜಿ ಅಂತ ಇಡೀ ಪ್ಯಾಟಿಗೆ ಗೊತ್ತಾಗತೈತ್ರಿ. ವಸ್ತ್ರದ ಕೆಳಗ ಬೆರಳ ಹಿಡದು ದರಾ ಮಾಡೋ ಮಂದಿ ನಾವು. ನಾಳಿ ನನ್ನ ಕೈ ಯಾರ ಹಿಡೀತಾರ?”

ಅರಳೆ ಪೇಟೆಯ ಈ ಪದ್ಧತಿ ನಿಮಗೆ ಗೊತ್ತಿದ್ದದ್ದೇ. ಬಾಯಿಬಿಟ್ಟು ದರ ಹೇಳುವುದಿಲ್ಲ. ಕೈಗಳ ಮೇಲೆ ಒಂದು ವಸ್ತ್ರ. ಅದರ ಕೆಳಗೆ ಬೆರಳಿಗೆ ಬೆರಳು ಹಿಡಿದು ವ್ಯವಹಾರ. ಕಜ್ಜಿಯ ಹುಳಕ್ಕೆ ಇದಕ್ಕಿಂತ ಒಳ್ಳೆಯ ಸಂತೆ ಬೇಕೆ? ಮುಂಜಾನೆಯಿಂದ ಹತ್ತಾರು ಕೈ ಹಿಡಿದು ಬಂದ ಈ ಮನುಷ್ಯ, ಸಂಜೆ ಅದೇ ಕೈಯಲ್ಲಿ ಮೊಮ್ಮಗನನ್ನು ಎತ್ತುತ್ತಿದ್ದರು.

ಅದನ್ನೇ ಹೇಳಿದೆ. “ಪ್ಯಾಟಿ ಮಾತು ನಿಮಗ ತಿಳ್ಯಂಗಿಲ್ರಿ,” ಎಂದರು. ನನಗೆ ಸಿಟ್ಟು ಬಂತು. ಉತ್ತರ ಕೊಡುವ ಮೊದಲೇ ನೀಲವ್ವ ಒಳಗಿನಿಂದ ಬಂದಳು.

“ಯಪ್ಪಾ, ಪ್ಯಾಟ್ಯಾಗ ಯಾರ ಕೈಯರ ಹಿಡಿ. ಮುಲಾಮು ಹಚ್ಕೊಳ್ಳೋತನಕ ನನ್ನ ಕೂಸಿನ ಕೈ ಹಿಡೀಬ್ಯಾಡ.”

ತಂದೆಯ ಮುಂದೆ ಅವಳು ಹಾಗೆ ಮಾತಾಡಿದ್ದು ಅದೇ ಮೊದಲಂತೆ. ಬಸಪ್ಪನವರು ಲೋಡು ಬಿಟ್ಟು ಎದ್ದರು. ಆಮೇಲೆ ಅಂಗಿಯ ಗುಂಡಿ ಬಿಚ್ಚಿದರು.

ಈಗ ಕೂಸು ಗುಂಡುಗುಂಡಾಗಿದೆ. ಗಂಗವ್ವನವರು ಮಾತ್ರ ನಿನ್ನೆಯೂ ಕೇಳಿದರು, “ನನಗ ಇನ್ನೂ ಒಂದೀಟು ತುರಸತೈತ್ರಿ, ಮತ್ತ ಹಚ್ಚಲೇನು?” ಬೇಡವೇ ಬೇಡ. ಹುಳ ಸತ್ತ ಮೇಲೂ ಕೆಲವು ವಾರ ತುರಿಕೆ ಇರುತ್ತದೆ. ಹೊಸ ಗುಳ್ಳೆ ಎದ್ದರೆ ಡಾಕ್ಟರರಿಗೆ ತೋರಿಸಿ, ನಿಮ್ಮಷ್ಟಕ್ಕೆ ಮುಲಾಮಿನ ಡಬ್ಬಿಗೆ ಕೈ ಹಾಕಬೇಡಿ.

ಇದನ್ನು ಓದಿ ಸಾಹುಕಾರರನ್ನು ನೋಡಿ ನಗುವವರಿಗೆ ಒಂದೇ ಪ್ರಶ್ನೆ: ಕಜ್ಜಿ ಹಂಚುವಾಗ ಇಲ್ಲದ ನಾಚಿಕೆ, ಮುಲಾಮು ಹಚ್ಚಿಕೊಳ್ಳುವಾಗ ಎಲ್ಲಿಂದ ಬರುತ್ತದೆ?