ನಾನು ಗುದ್ದದ ಮರ

ನಮ್ಮ ಮನೆಯ ಎರಡು ಕಾರುಗಳಿಗೆ ಎರಡು ಬೇರೆ ಕಂಪನಿಗಳ ವಿಮೆ ಎಂದರೆ ನಾನು ಪಾಠ ಮಾಡುವ ಶಾಲೆಯ ಟೀಚರುಗಳು ಇದರಲ್ಲೇನೋ ಜಾಣತನ ಇರಬೇಕು ಎಂದುಕೊಳ್ಳುತ್ತಿದ್ದರು. ಜಾಣತನ ಏನೂ ಇರಲಿಲ್ಲ. ನನ್ನ ತಮ್ಮ ಕುರುಗೋಡಿನಲ್ಲಿ ಒಂದು ವಿಮಾ ಕಂಪನಿಯ ಏಜೆಂಟ್. ನನ್ನ ಗಂಡನ ಬಾಲ್ಯದ ಗೆಳೆಯರೊಬ್ಬರು ಸಿರುಗುಪ್ಪದಲ್ಲಿ ಇನ್ನೊಂದು ಕಂಪನಿಯ ಏಜೆಂಟ್. ಎರಡನ್ನೂ ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರ ಮುಖ ಸಪ್ಪಗಾಗುತ್ತದೆ. ನನಗೆ ಕಾರು ಬಂದ ವರ್ಷ ನನ್ನ ಗಂಡ ನಗುತ್ತಲೇ ತೀರ್ಮಾನ ಹೇಳಿದ್ದರು: “ನಿನ್ನ ಗಾಡಿ ನಿನ್ನ ತವರಿಗೆ, ನನ್ನ ಗಾಡಿ ನಮ್ಮೂರಿಗೆ. ಯಾರೂ ಸಿಟ್ಟಾಗಂಗಿಲ್ಲ.”

ನಮ್ಮ ಮನೆ ಬಳ್ಳಾರಿಯಲ್ಲಿ. ಗಂಡನದು ಸಿರುಗುಪ್ಪದಲ್ಲಿ ರೈಸ್ ಮಿಲ್ಲಿನ ಬಿಡಿಭಾಗಗಳ ಅಂಗಡಿ. ನನ್ನದು ಕುರುಗೋಡಿನ ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ. ಬೆಳಿಗ್ಗೆ ಇಬ್ಬರೂ ಒಂದೇ ಗೇಟಿನಿಂದ ಹೊರಟು ಬೇರೆ ಬೇರೆ ರಸ್ತೆ ಹಿಡಿಯುತ್ತಿದ್ದೆವು. ಹದಿನೆಂಟು ವರ್ಷ ನಾನು ಆ ದಾರಿಯನ್ನು ಬಸ್ಸಿನಲ್ಲಿ, ಬಹಳ ಸಲ ನಿಂತುಕೊಂಡೇ, ಸವೆಸಿದವಳು. ಕಾರು ಕಲಿತದ್ದು ನಲವತ್ನಾಲ್ಕನೆಯ ವಯಸ್ಸಿನಲ್ಲಿ. ಡ್ರೈವಿಂಗ್ ಶಾಲೆಯವರು ಕಲಿಸಿ ಕೈಬಿಟ್ಟ ಮೇಲೆ ಒಂದು ತಿಂಗಳು ನನ್ನ ತಮ್ಮನೇ ದಿನಾ ಪಕ್ಕದಲ್ಲಿ ಕೂತು ಧೈರ್ಯ ತುಂಬಿದ. ಹುಲ್ಲಿನ ಟ್ರ್ಯಾಕ್ಟರನ್ನು ಮೊದಲ ಸಲ ದಾಟಿ ಮುಂದೆ ಹೋದಾಗ ಅವನು ಚಪ್ಪಾಳೆ ಹೊಡೆದದ್ದು ಇವತ್ತಿಗೂ ಕಿವಿಯಲ್ಲಿದೆ. ಆಮೇಲೆ ಎರಡು ವರ್ಷ ನಾನು ಯಾರಿಗೂ ಯಾವುದಕ್ಕೂ ತಾಗಿಸಲಿಲ್ಲ. ಅದು ನನ್ನೊಳಗಿನ ಗುಟ್ಟಿನ ಹೆಮ್ಮೆ.

ಒಂದು ಸೋಮವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಡಬ್ಬಿಗೆ ಮೊಸರನ್ನ ತುಂಬುತ್ತಿದ್ದೆ. ಹೊರಗೆ ಧಡ್ ಎಂದು ಸದ್ದಾಯಿತು. ಓಡಿಹೋಗಿ ನೋಡಿದರೆ ನನ್ನ ಗಂಡನ ಕಾರಿನ ಹಿಂಭಾಗ ನನ್ನ ಕಾರಿನ ಮೂತಿಗೆ ಅಂಟಿಕೊಂಡು ನಿಂತಿತ್ತು. ಫೋನಿನಲ್ಲಿ ಮಾತಾಡುತ್ತಾ ರಿವರ್ಸ್ ತೆಗೆದಿದ್ದರು. ಅವರ ಕಾರಿಗೆ ಅಂಗೈಯಷ್ಟು ತಗ್ಗು. ನನ್ನದಕ್ಕೆ ಒಂದು ಹೆಡ್‌ಲೈಟ್ ಪುಡಿಪುಡಿ, ಬಂಪರ್ ಸೀಳಿ ಜೋತಾಡುತ್ತಿತ್ತು, ಬಾನೆಟ್ ಮೇಲೆದ್ದಿತ್ತು. ಅವರು ಕೆಳಗಿಳಿದು, ನನ್ನ ಮುಖ ನೋಡಿ, “ತಪ್ಪಾತು” ಎಂದರು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಕಡಿಮೆ. ಕಾರು ಹಾಳಾದ ಸಂಕಟ ಆ ಒಂದು ಮಾತಿಗೇ ಅರ್ಧ ಇಳಿಯಿತು.

“ನೀ ಏನೂ ತಲಿ ಕೆಡಿಸ್ಕೋಬ್ಯಾಡ. ನಿನ್ನ ತಮ್ಮನ ಕೂಡ ನಾ ಮಾತಾಡ್ತೀನಿ. ಇವತ್ತೊಂದಿನ ಬಸ್ಸಿಗೆ ಹೋಗು” ಎಂದರು.

ಒಂದು ದಿನ ಎಂದದ್ದು ಎರಡು ವಾರವಾಯಿತು. ಗ್ಯಾರೇಜಿಗೆ ಕಳಿಸಿದ್ದು, ವಿಮೆಯ ಸರ್ವೇಯರ್ ಬಂದು ಹಾನಿ ನೋಡಿದ್ದು, ಕಾಗದಪತ್ರ ಎಲ್ಲವನ್ನೂ ತಮ್ಮ ಮತ್ತು ಗಂಡ ಸೇರಿ ಮುಗಿಸಿದರು. ಕಾರು ಹೊಸದರಂತೆ ಹೊಳೆಯುತ್ತಾ ಬಂದು ನಿಂತಿತು. ನನ್ನ ಮೇಲೆ ಯಾವ ಹೊರೆಯೂ ಬೀಳದಂತೆ ನೋಡಿಕೊಂಡರಲ್ಲ ಎಂದು ಇಬ್ಬರ ಮೇಲೂ ನನಗೆ ಅಕ್ಕರೆ ಉಕ್ಕಿತು. ತಮ್ಮನಿಗೆ ಹೋಳಿಗೆ ಮಾಡಿ ಕಳಿಸಿದ್ದೆ.

ನಮ್ಮ ಅತ್ತೆ ಆರು ತಿಂಗಳು ಸಿರುಗುಪ್ಪದಲ್ಲಿ ದೊಡ್ಡ ಮಗನ ಮನೆಯಲ್ಲಿ, ಆರು ತಿಂಗಳು ನಮ್ಮಲ್ಲಿ ಇರುತ್ತಾರೆ. ಕಾರು ಗ್ಯಾರೇಜಿನಲ್ಲಿದ್ದಾಗಲೇ ಆ ಸಲ ನಮ್ಮಲ್ಲಿಗೆ ಬಂದರು. ಭಾನುವಾರ ಸಂಜೆ ಅವರನ್ನು ಹಲಕುಂದಿ ಮಠಕ್ಕೆ ನನ್ನ ಕಾರಿನಲ್ಲೇ ಕರೆದೊಯ್ಯುವುದು ನಮ್ಮಿಬ್ಬರ ರೂಢಿ. ಮುಂದಿನ ಸೀಟಿನಲ್ಲಿ ಹಣೆತುಂಬ ವಿಭೂತಿ ಹಚ್ಚಿಕೊಂಡು ಕೂತು, “ನನ್ನ ಸೊಸಿ ಗಾಡಿ ಹೊಡಿಯಾಕ ಕುಂತ್ರ ನೀರು ಹರದಂಗ” ಎಂದು ಮಠದಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಆ ಸಲ ಮಾತ್ರ ಕರೆದಾಗಲೆಲ್ಲ, “ಬ್ಯಾಡವಾ, ಆಟೋಕ್ಕ ಹೋಗಿ ಬರ್ತೀನಿ” ಎನ್ನತೊಡಗಿದರು. ಮೊಣಕಾಲು ನೋವಿಗೆ ಕಾರು ಹತ್ತಿ ಇಳಿಯುವುದು ಕಷ್ಟವಾಗಿರಬೇಕು ಎಂದುಕೊಂಡೆ. ಆಟೋ ಹತ್ತುವುದು ಅದಕ್ಕಿಂತ ಕಷ್ಟ ಎಂದು ನನಗೆ ಹೊಳೆಯಲೇ ಇಲ್ಲ.

ಐದು ತಿಂಗಳಾದ ಮೇಲೆ, ಪಾಲಿಸಿ ಮುಗಿಯುವ ಹೊತ್ತಿಗೆ ಅದರಲ್ಲಿ ನಮ್ಮ ಮನೆಯ ನಂಬರು ತಪ್ಪಾಗಿರುವುದು ಕಂಡಿತು. ಸ್ಥಳೀಯ ರಜೆಯ ದಿನ ಅದನ್ನು ಸರಿಮಾಡಿಸಲು ಬಳ್ಳಾರಿಯ ಕಂಪನಿ ಆಫೀಸಿಗೆ ನಾನೇ ಹೋದೆ. ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿ ನಗುಮುಖದವಳು. ನನ್ನ ಫೈಲ್ ತೆರೆದು, ನಂಬರು ತಿದ್ದಿ, “ಈ ಸಲ ನಾಯಿಗೀಯಿ ಅಡ್ಡ ಬಂದ್ರ ಹುಷಾರ್ರಿ ಮೇಡಂ” ಎಂದಳು.

“ಯಾವ ನಾಯಿರೀ?”

ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಕ್ಲೇಮಿನ ಅರ್ಜಿ ಇಂಗ್ಲಿಷಿನಲ್ಲಿತ್ತು. ಕಾರು ಓಡಿಸುತ್ತಿದ್ದವರು: ನಾನು. ಸ್ಥಳ: ಕುರುಗೋಡು ರಸ್ತೆ. ಸಂಜೆ ಶಾಲೆಯಿಂದ ಮರಳುವಾಗ ಅಡ್ಡ ಬಂದ ನಾಯಿಯನ್ನು ತಪ್ಪಿಸಲು ಹೋಗಿ, ಗಾಡಿಯ ಹಿಡಿತ ತಪ್ಪಿ, ರಸ್ತೆ ಬದಿಯ ಮರಕ್ಕೆ ಗುದ್ದಿದೆ. ಕೆಳಗೆ ನನ್ನ ಸಹಿ, ಅದೂ ಇಂಗ್ಲಿಷಿನಲ್ಲಿ. ಕೆಲಸಕ್ಕೆ ಸೇರಿದ ದಿನದಿಂದ ನಾನು ಕನ್ನಡದಲ್ಲಲ್ಲದೆ ಸಹಿ ಮಾಡಿದವಳಲ್ಲ.

ಎರಡು ಸಲ ಓದಿದೆ. ಹುಡುಗಿಗೆ ಏನನ್ನಿಸಿತೋ, “ಸಹಿ ನಿಮ್ದಽ ಹೌದಲ್ರಿ ಮೇಡಂ?” ಎಂದು ಕೇಳಿದಳು. ಅರ್ಜಿಯ ಮೂಲೆಯಲ್ಲಿ ಏಜೆಂಟನ ಜಾಗದಲ್ಲಿ ನನ್ನ ತಮ್ಮನ ಹೆಸರು. ಅಲ್ಲ ಎಂದರೆ ಅವನ ಕೆಲಸ ಅವತ್ತೇ ಹೋಗುತ್ತದೆ.

“ನಂದಽ” ಎಂದೆ.

ಏಳುವ ಮುಂಚೆ ಇನ್ನೊಂದು ಮಾತು ಕೇಳಿದೆ. ಮನೆ ಮುಂದೆ ನಿಂತ ಕಾರಿಗೆ ಮನೆಯವರದೇ ಇನ್ನೊಂದು ಕಾರು ಗುದ್ದಿದರೆ ರಿಪೇರಿಗೆ ಕ್ಲೇಮು ಸಿಗುತ್ತದೆಯೇ ಎಂದು. “ಯಾಕ ಸಿಗಂಗಿಲ್ರಿ, ನಿಮ್ದು ಫುಲ್ ಇನ್ಶೂರೆನ್ಸ್ ಐತಲ್ರಿ. ಇದ್ದದ್ದು ಇದ್ದಂಗ ಬರದ್ರ ಆತು” ಎಂದಳು. ಅಂದರೆ ಆ ಸುಳ್ಳಿನ ಅಗತ್ಯವೇ ಇರಲಿಲ್ಲ.

ಅಲ್ಲಿಂದ ನೇರ ಕುರುಗೋಡಿಗೆ ಹೊರಟೆ. ದಾರಿಯುದ್ದಕ್ಕೂ ಮರಗಳನ್ನು ನೋಡುತ್ತಾ ಹೋದೆ. ಯಾವ ಮರವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರಬಹುದು? ತಮ್ಮ ಬಸ್ ಸ್ಟ್ಯಾಂಡಿನ ಹತ್ತಿರದ ತನ್ನ ಸಣ್ಣ ಆಫೀಸಿನಲ್ಲಿ ಒಬ್ಬನೇ ಇದ್ದ. ನನ್ನನ್ನು ನೋಡಿ ಕುರ್ಚಿ ಒರೆಸಿದ. ನಾನು ಕೂರಲಿಲ್ಲ.

“ನಾ ಯಾವ ಮರಕ್ಕ ಗುದ್ದೀನೋ?”

ಅವನು ಸುಳ್ಳು ಮುಂದುವರಿಸಲಿಲ್ಲ, ಅಷ್ಟು ಒಳ್ಳೆಯದು. ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿದ. ಆಮೇಲೆ, “ಮಾವ ಹೇಳಿದ್ರಕ್ಕ” ಎಂದ.

“ಏನಂತ ಹೇಳಿದ್ರು?”

“ಇಪ್ಪತ್ತೈದು ವರ್ಷದಾಗ ನನ್ನ ಕೈಯಾಗ ಒಂದು ಗೀರು ಬಿದ್ದಿಲ್ಲ ಅಂತ ಎಲ್ಲಾರಿಗೂ ಹೇಳ್ಕೊಂಡು ಅಡ್ಡಾಡೀನಿ. ಹೆಂಡ್ತಿ ಗಾಡಿಗೇ ಗುದ್ದಿದ್ದು ಏಜೆಂಟ್ ಗೆಳ್ಯಾಗ ಗೊತ್ತಾದ್ರ ಸಿರುಗುಪ್ಪದಾಗ ತಲಿ ಎತ್ತಿ ತಿರುಗಾಕ ಬರಂಗಿಲ್ಲ. ನನ್ನ ಗಾಡಿ ಹೆಸರು ಎಲ್ಲೂ ಬರಬಾರದು. ಗಾಡಿ ಹೊಡಿಯಾಕ ಆಕಿ ಹೊಸಾಕಿ, ಆಕಿ ಹೆಸರಿನಾಗ ಬರೀ, ಯಾರೂ ಏನೂ ಅನ್ನಂಗಿಲ್ಲ ಅಂದ್ರು.”

ಸಿರುಗುಪ್ಪದ ಏಜೆಂಟ್ ಗೆಳೆಯರಿಗೆ ಇವತ್ತಿಗೂ ಏನೂ ಗೊತ್ತಿಲ್ಲ. ಗಂಡ ತಮ್ಮದೇ ಕಾರಿನ ತಗ್ಗನ್ನು ಕ್ಲೇಮು ಮಾಡದೆ ಸ್ವಂತ ದುಡ್ಡಿನಲ್ಲಿ ಬಡಿಸಿ ಸರಿಮಾಡಿಸಿಕೊಂಡಿದ್ದರು. ಒಂದು ಕಂಪನಿಯ ಫೈಲು ಇನ್ನೊಂದು ಕಂಪನಿಯ ಏಜೆಂಟನ ಕಣ್ಣಿಗೆ ಬೀಳುವುದಿಲ್ಲ. ಯಾರೂ ಸಿಟ್ಟಾಗದಿರಲಿ ಎಂದು ಮಾಡಿದ ಏರ್ಪಾಡು ಬಚ್ಚಿಡುವುದಕ್ಕೂ ಅನುಕೂಲವಾಗಿ ಒದಗಿತ್ತು.

“ನನ್ನ ಪಕ್ಕದಾಗ ಒಂದು ತಿಂಗಳು ಕುಂತಾಂವ ನೀನು. ನಾ ಹೆಂಗ ಓಡಿಸ್ತೀನಿ ಅಂತ ನಿನಗ ಗೊತ್ತಿರಲಿಲ್ಲೇನು?”

“ಗೊತ್ತೈತಕ್ಕ. ಆದ್ರ ಮಾವ ಬಾಯಿ ಬಿಟ್ಟು ಕೇಳ್ಯಾರ, ಹೆಂಗ ಒಲ್ಲೆ ಅನ್ಲಿ? ನಿನಗಽ ತ್ರಾಸ ಆಗಬಾರದು ಅಂತ...”

“ನನಗೊಂದು ಫೋನ್ ಮಾಡಾಕ ಏನಾಗಿತ್ತು?”

ಅವನು ಮತ್ತೆ ಕುರ್ಚಿ ಮುಂದೆ ಸರಿಸಿದ; ನಾನು ಹೊರಗೆ ಬಂದೆ. ಗಂಡ ಹೊರಗಿನಿಂದ ಬಂದವರು. ಅವರ ಹಮ್ಮು ಬಿಮ್ಮು ನನಗೆ ಗೊತ್ತಿದ್ದದ್ದೇ. ಇವನನ್ನು ನಾನು ಎತ್ತಿ ಆಡಿಸಿದ್ದೆ. ಬಳ್ಳಾರಿಗೆ ಮರಳುವಾಗ ಕಣ್ಣು ಮಂಜಾಗಿ ಒಂದು ಕಡೆ ಕಾರು ನಿಲ್ಲಿಸಿ, ಅಳು ನಿಂತ ಮೇಲೆ ಹೊರಟೆ.

ಸಂಜೆ ಗಂಡ ಬಂದಾಗ ಅತ್ತೆ ಪಡಸಾಲೆಯಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಗಂಡನಿಗೆ ಚಹಾ ಕೊಟ್ಟು, ವಿಮೆಯ ಆಫೀಸಿಗೆ ಹೋಗಿದ್ದೆ, ನಾನು ಮರಕ್ಕೆ ಗುದ್ದಿದೆನೆಂಬ ಅರ್ಜಿ ಓದಿದೆ ಎಂದೆ. ಅವರು ಒಂದು ಗುಟುಕು ಕುಡಿದು, “ಹೋಗ್ಲಿ ಬಿಡು. ಗಾಡಿ ರಿಪೇರಿ ಆತಲ್ಲ. ಇದ್ರಾಗ ಯಾರಿಗೇನು ತ್ರಾಸ ಆತು?” ಎಂದರು.

ನನಗಿಂತ ಮೊದಲು ಅತ್ತೆ ತಲೆಯೆತ್ತಿದರು. “ಏನದು? ಈಕಿ ಮರಕ್ಕ ಗುದ್ದಿದ್ದ ಮಾತೇನು? ಅವತ್ತು ಫೋನಿನಾಗ ಅದ್ಯಾರೋ ಸರ್ವೇದಾಂವಗ ನೀ ಹೇಳಾಕತ್ತಿದ್ದಿ, ನಾ ಕೇಳ್ಸಿಕೊಂಡೆ. ಅವತ್ತಿನಿಂದ ನನಗ ಈಕಿ ಗಾಡಿ ಹತ್ತಾಕ ಎದಿ ಡವಡವ ಅಂತೈತಿ.”

ಆಟೋದ ಕಾರಣ ನನಗೆ ಆಗ ತಿಳಿಯಿತು. ಇಷ್ಟು ತಿಂಗಳು ನನ್ನ ಕಣ್ಣೆದುರೇ ನಡೆಯುತ್ತಿತ್ತು. ಗಂಡನೂ ನೋಡುತ್ತಿದ್ದರು, ತಮ್ಮ ತಾಯಿ ಯಾಕೆ ನನ್ನ ಕಾರು ಹತ್ತುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

“ಅತ್ತೀ, ನಾ ಯಾವ ಮರಕ್ಕೂ ಗುದ್ದಿಲ್ಲ. ಮನೀ ಮುಂದ ನಿಂತಿದ್ದ ನನ್ನ ಗಾಡಿಗೆ ನಿಮ್ಮ ಮಗ ಗುದ್ದ್ಯಾರ” ಎಂದೆ.

ಅವರು ಮಗನ ಮುಖ ನೋಡಿದರು. “ಖರೇನೇನಪಾ?”

“ಹಳೇದೆಲ್ಲಾ ಯಾಕ ಕೆದಕ್ತೀರಿ?” ಎಂದು ಗಂಡ ಕೀಲಿಕೈ ತೆಗೆದುಕೊಂಡು ಹೊರಗೆ ಹೋದರು.

ಅತ್ತೆ ಬಹಳ ಹೊತ್ತು ಸೊಪ್ಪು ಬಿಡಿಸಿದರು. ಅವರಿಗೆ ತಿಳಿಯಿತು ಎಂಬುದು ಅವರ ಬೆರಳುಗಳ ನಿಧಾನದಲ್ಲೇ ಕಾಣುತ್ತಿತ್ತು. ಕೊನೆಗೆ ಮೊರವನ್ನು ಬದಿಗೆ ಸರಿಸಿ, ನನ್ನ ಕೈ ಹಿಡಿದು, “ಆದದ್ದಾತು. ಹೊರಗ ಯಾರಿಗೂ ಹೇಳಬ್ಯಾಡವಾ. ಅವನ ಮರ್ಯಾದಿ ಹೋಗ್ತೈತಿ” ಎಂದರು. ನನ್ನ ಮರ್ಯಾದೆಯ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಕಂಪನಿಗೆ ಒಂದು ಪತ್ರ ಬರೆದೆ. ಇದ್ದದ್ದು ಇದ್ದಹಾಗೆ, ಒಂದೂವರೆ ಪುಟ. ಒಂದು ವಾರ ಅದು ನನ್ನ ಬ್ಯಾಗಿನಲ್ಲೇ ಕುರುಗೋಡಿಗೆ ಹೋಗಿ ಬಂದಿತು. ತಮ್ಮನ ಇಬ್ಬರು ಹೆಣ್ಣುಮಕ್ಕಳು ನನ್ನ ಶಾಲೆಯಲ್ಲೇ ಓದುತ್ತಾರೆ, ಮಧ್ಯಾಹ್ನ ನನ್ನ ಪಕ್ಕದಲ್ಲಿ ಕೂತು ಉಣ್ಣುತ್ತಾರೆ. ಪತ್ರ ಕೊಡಲು ನನ್ನಿಂದಾಗಲಿಲ್ಲ. ಅದು ದೊಡ್ಡತನವಲ್ಲ, ಧೈರ್ಯ ಸಾಲದೆ ಹೋದದ್ದು. ನನ್ನ ಹೆಸರಿನ ಆ ಸುಳ್ಳು ಇನ್ನೂ ಅಲ್ಲೇ ಇದೆ.

ಗಂಡ ಆ ವಿಷಯ ಮತ್ತೆ ಎತ್ತಿಲ್ಲ, ತಪ್ಪಾಯಿತು ಎಂದೂ ಅಂದಿಲ್ಲ. ಆ ಸಲ ಕಾರಿನ ವಿಮೆಯನ್ನು ಮೂರನೆಯ ಕಂಪನಿಯೊಂದರಲ್ಲಿ, ಏಜೆಂಟನಿಲ್ಲದೆ ನಾನೇ ಮಾಡಿಸಿದೆ. ಯುಗಾದಿಗೆ ತಮ್ಮ ಬಂದಿದ್ದ. ಉಂಡು, ಕೈ ಒರೆಸಿಕೊಳ್ಳುತ್ತಾ, “ಗಾಡಿ ಪಾಲಿಸಿ ಮುಗೀತಲ್ಲಕ್ಕ, ಏನು ಮಾಡಿದಿ?” ಎಂದ.

“ಮಾಡಿಸೀನಿ.”

“ಯಾರ ಕಡಿಂದ?”

“ಯಾರ ಕಡಿಂದಾನೂ ಅಲ್ಲ.”

ಅವನು ತಲೆಯಾಡಿಸಿ ಚಪ್ಪಲಿ ಹುಡುಕಿದ. ಮೊದಲೆಲ್ಲ ಅವನು ಹೊರಟರೆ ಗೇಟಿನವರೆಗೆ ಹೋಗಿ, ಬೈಕು ತಿರುವಿನಲ್ಲಿ ಮರೆಯಾಗುವತನಕ ನಿಂತಿರುತ್ತಿದ್ದೆ. ಅವತ್ತು ಹೊಸ್ತಿಲಲ್ಲೇ ನಿಂತು ಹೋಗಿ ಬಾ ಎಂದೆ.